ಎರಡು ಬೆರಳು ಮಡಿಕೆ

ಜೂನ್ ಎರಡನೇ ವಾರ. ಕೋಡಿಬಾಗದ ನನ್ನ ಅಂಗಡಿಯಲ್ಲಿ
ಸೊಂಟದೆತ್ತರ ನೀಲಿ ಬಟ್ಟೆ.
ಓಣಿಯ ಮಕ್ಕಳ ಅಳತೆಯೆಲ್ಲ ನನ್ನ ಡೈರಿಯಲ್ಲಿದೆ:
ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತಮೂರು,
ಒಂದು ಇಪ್ಪತ್ತೊಂಬತ್ತು, ಅವನು ಐಸ್ ಫ್ಯಾಕ್ಟರಿಯವರ ಮೊಮ್ಮಗ.

ನನಗೆ ಗೊತ್ತಿರುವ ಶಾಸ್ತ್ರ ಒಂದೇ:
ಕೆಳಗೆ ಎರಡು ಬೆರಳು ಮಡಿಕೆ ಬಿಡು.
ದೀಪಾವಳಿಗೆ ಒಂದು ಹೊಲಿಗೆ ಬಿಚ್ಚು.
ಮೂರು ಬೆರಳು ಬಿಟ್ಟರೆ ಎಡವುತ್ತಾನೆ,
ಬಿಡದಿದ್ದರೆ ತಾಯಂದಿರು ಬಂದು ಬೈಯುತ್ತಾರೆ.

ಸಂಜೆ ಮಗ ಮೇಜಿನ ಕೆಳಗೆ ಕೂತು
ಪಾಟಿಚೀಲದಿಂದ ಹತ್ತು ಶಬ್ದ ತೆಗೆದ.
ಸೋಮವಾರ ಉಕ್ತಲೇಖನ. ಎರಡನೇ ಇಯತ್ತೆ.
ಕೃತಜ್ಞತೆ. ದೃಷ್ಟಿಕೋನ. ಸ್ವಾತಂತ್ರ್ಯ. ವೈಶಿಷ್ಟ್ಯ.
ಮುಂದಿನ ಹಲ್ಲು ಬಿದ್ದ ಕಿಂಡಿಯಿಂದ
ವೈಶಿಷ್ಟ್ಯ ಹೊರಡುವಾಗ ಗಾಳಿ ಮಾತ್ರ ಬಂತು.

ಬರೆದ. ಅಳಿಸಿದ. ಎಂಜಲು ಹಚ್ಚಿ ಅಳಿಸಿದ, ಹಾಳೆ ತೂತಾಯಿತು.
ತ ಅಂತೆ, ಅದಕ್ಕೆ ರ ಅಂತೆ, ಅದಕ್ಕೂ ಯ ಅಂತೆ,
ಆರು ಗಂಟೆಯ ಅಂಕೋಲಾ ಟೆಂಪೋದ ಹಾಗೆ
ಒಂದರ ಮೈಮೇಲೊಂದು ಜೋತು.
"ಆಯಿ, ವೈಶಿಷ್ಟ್ಯ ಅಂದ್ರೆ ಏನು?"
ಬಾಯಲ್ಲಿ ಗುಂಡುಸೂಜಿ ಇದೆ ಎಂದು ಕೈಸನ್ನೆ ಮಾಡಿದೆ.

ರಾತ್ರಿ, ನಿದ್ದೆಯಲ್ಲಿದ್ದವನ ಗೇಣಿಗೆ ಟೇಪು ಹಿಡಿದೆ.
ಐದು ಇಂಚಿಗೂ ಕಮ್ಮಿ.
ಈ ಶಬ್ದಗಳನ್ನು ಕತ್ತರಿಸುವಾಗ
ಯಾರ ಮೈ ಅಳೆದರೋ.

ಶನಿವಾರ ಶಾಲೆಗೆ ಹೋದೆ.
ನಾಗವೇಣಿ ಅಕ್ಕೋರು ಕುಮಟೆಯಿಂದ ಬಸ್ಸಿಗೆ ಬರುವವರು,
ಮೈಮೇಲಿನ ಬ್ಲೌಸ್ ನಾನೇ ಹೊಲಿದದ್ದು, ಹಾಗಾಗಿ ಧೈರ್ಯ.
"ಅಕ್ಕೋರೇ, ಹುಡುಗ ಬಲೆ ಬರೀತಾನೆ, ದೋಣಿ ಬರೀತಾನೆ.
ಬಾಂಗ್ಡೆ ಅಂತ, ಯಾರೂ ಹೇಳಿಕೊಡದೆ, ಒತ್ತು ಸಮೇತ!
ಅದು ತಿಂದ ಶಬ್ದ. ಇದನ್ನ ಅವನು ಎಲ್ಲಿ ಕಂಡಿದ್ದಾನೆ?"

ಅವರು ಪಟ್ಟಿ ತೋರಿಸಿದರು. ಮೇಲಿಂದ ಬಂದದ್ದು.
"ಮೂವತ್ತೊಂದು ಮಕ್ಕಳು. ಪೋಸ್ಟಿನವರ ಮಗಳು
ಹತ್ತಕ್ಕೆ ಹತ್ತು, ಬಲೆ ದೋಣಿ ಕೊಟ್ಟರೆ ಆಕಳಿಸ್ತಾಳೆ.
ಕೊನೇ ಬೆಂಚಿನವ ಇನ್ನೂ ಅ ಸುತ್ತಿ ಮುಗಿಸಿಲ್ಲ.
ಒಂದೇ ಬಟ್ಟೆ ಇಬ್ಬರಿಗೂ ಹೇಗೆ ಹೊಲಿಯಲಿ, ನೀವೇ ಹೇಳಿ."
ಹೇಳಲಾಗಲಿಲ್ಲ. ಆಮೇಲೆ ಹಾಜರಿ ಪುಸ್ತಕ ತಿರುವಿ
ಮೆಲ್ಲಗೆ ಕೇಳಿದರು:
"ಋತ್ವಿಕ್ ಅಂತ ಹೆಸರಿಟ್ಟದ್ದು ಯಾರು?"

ನಾನೇ.
ಮಾವನ ಹೆಸರು ಫಟು, ಗಂಡನದು ಗಜಾ,
ಎರಡೆರಡೇ ಅಕ್ಷರದಲ್ಲಿ ಇಡೀ ಆಯುಷ್ಯ ದೋಣಿ ನಡೆಸಿದವರು.
ಇವನಿಗಾದರೂ ದೊಡ್ಡದಿರಲಿ, ಬೆಳೆಯುತ್ತಾನಲ್ಲ, ಎಂದು
ಆಸ್ಪತ್ರೆ ಮಂಚದ ಮೇಲೆ ಆರಿಸಿದ್ದೆ.
ಮಡಿಕೆ ಎಷ್ಟು ಬಿಟ್ಟೆನೋ, ಆಗ ಅಳೆಯಲಿಲ್ಲ.

ಭಾನುವಾರ ಗುರುತಿನ ಸೀಮೆಸುಣ್ಣ ಕೊಟ್ಟು
ಸೂಜಿ ಬರಿ ಎಂದೆ, ಗುಂಡಿ ಬರಿ, ಕತ್ತರಿ ಬರಿ.
"ಇವೆಲ್ಲ ಒಂದನೇ ಇಯತ್ತೆಯವು," ಎಂದು ಮುಖ ತಿರುಗಿಸಿದ.
ಮೇಜಿನ ನೀಲಿ ಬಟ್ಟೆಯ ಮೇಲೆ, ನಾಲಿಗೆ ಹೊರಗೆ ಚಾಚಿ,
ಏನನ್ನೋ ಸುತ್ತಿದ, ಬಾಗಿಸಿದ, ಇನ್ನೊಂದು ಕೊಂಡಿ ಹಾಕಿದ.
"ಆಯಿ, ಕುರ್ಲಿ! ಇದು ಕಾಲು, ಇದೂ ಕಾಲು."
ನಿಜ. ಕಾಳಿಯ ಕೆಸರಲ್ಲಿ ಅಡ್ಡಡ್ಡ ಓಡುವಂಥದೇ
ಒಂದು ಋ.
ಅದು ಓಡಿಹೋಗುವ ಮೊದಲು ಪಕ್ಕದಲ್ಲಿ
ತಿ ಬರೆದ, ವ ಒತ್ತು ಎಲ್ಲಿ ಎಂದು ಕೇಳಲಿಲ್ಲ.

ಸೋಮವಾರ ಹತ್ತಕ್ಕೆ ಮೂರು.
ಕೃತಜ್ಞತೆಗೆ ಜ್ಞ ತಲೆಕೆಳಗಾಗಿತ್ತು, ಅಕ್ಕೋರು
ಅರ್ಧ ಅಂಕ ಕೊಟ್ಟು, ಏನೋ ಯೋಚಿಸಿ, ಹೊಡೆದುಹಾಕಿದ್ದರು.

ಮಂಗಳವಾರ ಆ ಬಟ್ಟೆ ಮಡಚಿ ಹೊಲಿದೆ.
ಋ, ತಿ ಉಜ್ಜಿದರೆ ಹೋಯಿತು.
ಕೆಳಗಿಳಿದಿದ್ದ ವ ಒತ್ತು ಮಾತ್ರ ಮಡಿಕೆಯ ಒಳಗೆ ಸೇರಿತು.
ದೀಪಾವಳಿಗೆ ಬಿಚ್ಚುವಾಗ ಇರುತ್ತದೋ ಇಲ್ಲವೋ,
ಐಸ್ ಫ್ಯಾಕ್ಟರಿಯ ಹುಡುಗನ ಎಡಗಾಲಲ್ಲಿ.